ನೀರು ಒಗ್ಗಿತೇ?

ಪರಸ್ಥಳಕ್ಕೆ ಹೋದವರು ಸೊರಗಿ ಹಿಂದಿರುಗಿದರೆ "ಅಲ್ಲಿಯ ನೀರು ಒಗ್ಗಲಿಲ್ಲ" ಎನ್ನುವುದು ನಮ್ಮಲ್ಲಿ ವಾಡಿಕೆ. ಊಟ ಒಗ್ಗಲಿಲ್ಲ, ಹವೆ ಒಗ್ಗಲಿಲ್ಲ ಎನ್ನುವವರೂ ಉಂಟು. ಆದರೆ ಎಲ್ಲಕ್ಕಿಂತ ಮೊದಲು ನಾಲಗೆಗೆ ಬರುವುದು ನೀರೇ. ವರ್ಗವಾಗಿ ಹೋದ ಗುಮಾಸ್ತನಿಗೂ, ಹಾಸ್ಟೆಲಿಗೆ ಸೇರಿದ ಹುಡುಗನಿಗೂ, ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೋದ ತಾಯಿಗೂ ಇದೇ ಮಾತು. ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನಾನು ಇದನ್ನು ಒಂದು ನುಡಿಗಟ್ಟೆಂದಷ್ಟೇ ತಿಳಿದಿದ್ದೆ. ಅದು ಅಕ್ಷರಶಃ ನಿಜವಾಗುವುದನ್ನು, ಒಂದು ಜೀವದ ಅಳಿವು ಉಳಿವು ನೀರು ಒಗ್ಗುವುದರ ಮೇಲೆಯೇ ನಿಲ್ಲುವುದನ್ನು, ನಾನು ಕಂಡದ್ದು 2023ರ ಬೇಸಗೆಯಲ್ಲಿ, ಗಾಜಿನ ತೊಟ್ಟಿಯೊಂದರ ಮುಂದೆ ಕುಳಿತು.

ನನ್ನ ತಮ್ಮ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಹೊಟ್ಟೆಪಾಡಿಗೆ ಕಂಪ್ಯೂಟರಿನ ಕೆಲಸ; ಮನಸ್ಸಿನ ಪಾಡಿಗೆ ಒಂದು ಅಕ್ವೇರಿಯಂ. ಅದು ಬಣ್ಣದ ಮೀನು ನಾಲ್ಕನ್ನು ಬಿಟ್ಟು ಅಕ್ಕಿಕಾಳಿನಂಥ ತಿಂಡಿ ಉದುರಿಸುವ ತೊಟ್ಟಿಯಲ್ಲ. ಸುಮಾರು 400 ಲೀಟರ್ ಉಪ್ಪುನೀರು, ಒಳಗೆ ಬಂಡೆ, ಬಂಡೆಯ ಮೇಲೆ ಜೀವಂತ ಹವಳ. ಕಡಲಿನ ಒಂದು ಮೂಲೆಯನ್ನೇ ಕತ್ತರಿಸಿ ಬೈಠಕ್‌ಖಾನೆಯಲ್ಲಿಟ್ಟಂತೆ. ನಾವಿಬ್ಬರೂ ಹೊನ್ನಾವರದ ಕಡೆಯ ಕಡಲ ಮಕ್ಕಳು. ಕಡಲು ಬಿಟ್ಟು ಹೋದವನಿಗೆ ಕಡಲಿನ ಹಂಬಲ ಹೀಗೆ ಹಿಡಿದಿತ್ತೆಂದು ನಾನು ತಿಳಿದುಕೊಂಡೆ.

ಹವಳವೆಂದರೆ ನಮ್ಮ ಜನಕ್ಕೆ ಒಡವೆ. ಕುಜದೋಷಕ್ಕೆ ಉಂಗುರದಲ್ಲಿ ಕೂರಿಸುವ ಕೆಂಪು ಕಲ್ಲು. ಹಳಗನ್ನಡದ ಪವಳವೇ ಇಂದಿನ ಹವಳ. ಸಂಸ್ಕೃತದಲ್ಲಿ ಪ್ರವಾಳವೆಂಬ ಒಂದೇ ಶಬ್ದಕ್ಕೆ ಹವಳವೆಂದೂ ಎಳೆ ಚಿಗುರೆಂದೂ ಎರಡು ಅರ್ಥ. ಆ ಶಬ್ದವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದವಳು ನಾನು; ಕಲ್ಲಿಗೂ ಚಿಗುರಿಗೂ ಒಂದೇ ಹೆಸರೇಕೆಂದು ಒಂದು ಸಲವೂ ಕೇಳಿಕೊಂಡವಳಲ್ಲ. ತಮ್ಮನ ತೊಟ್ಟಿಯ ಮುಂದೆ ಅದಕ್ಕೆ ಉತ್ತರ ದೊರೆಯಿತು. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಗಳು ಒಂದರ ಪಕ್ಕದಲ್ಲೊಂದು ಕುಳಿತು, ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ, ತಮ್ಮ ಕಾಲಡಿಗೆ ತಾವೇ ಕಲ್ಲು ಕಟ್ಟಿಕೊಳ್ಳುತ್ತವೆ. ಉಷ್ಣವಲಯದ ಬಂಡೆಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆಮಾಡಿರುತ್ತದೆ. ಆ ಪಾಚಿ ಬಿಸಿಲನ್ನುಂಡು ಅಡುಗೆ ಮಾಡುತ್ತದೆ. ಹವಳದ ಆಹಾರದ ಬಹುಪಾಲು ಆ ಅಡುಗೆಮನೆಯಿಂದಲೇ ಬರುವುದು. ಬಣ್ಣವೂ ಹೆಚ್ಚಾಗಿ ಅದರದೇ. ನೀರು ಕೆಲವು ವಾರಗಳ ಕಾಲ ತನ್ನ ಬೇಸಗೆಯ ಮಿತಿಗಿಂತ ಒಂದೆರಡು ಡಿಗ್ರಿ ಹೆಚ್ಚು ಕಾದರೆ ಈ ಸಂಸಾರ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬೆಳ್ಳಗಾಗುತ್ತದೆ, ಬಹುಕಾಲ ಹಾಗೆಯೇ ಉಳಿದರೆ ಹಸಿದು ಸಾಯುತ್ತದೆ.

ನಾನು ಅಲ್ಲಿಗೆ ಹೋದ ವಾರ ತಮ್ಮ ಹೊಸದೊಂದು ಹವಳ ತರಿಸಬೇಕೆಂದಿದ್ದ. ಅಂಗಡಿಯವರು ಕಳುಹಿಸಿದ ಎರಡು ಚಿತ್ರಗಳನ್ನು ನನ್ನ ಮುಂದೆ ಹಿಡಿದ. ಒಂದು, ಯಾರದೋ ತೊಟ್ಟಿಯಲ್ಲೇ ಬೆಳೆದ ಹವಳದಿಂದ ಕತ್ತರಿಸಿದ ತುಣುಕು. ಹೆಬ್ಬೆರಳಿನಷ್ಟು ದೊಡ್ಡದು, ನೋಡಲಿಕ್ಕೆ ಬಡವು. ಇನ್ನೊಂದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಕಡಲಿನಲ್ಲಿ ಪರವಾನಿಗೆ ಪಡೆದ ಮುಳುಗುಗಾರರು ಕೈಯಾರೆ ಎತ್ತಿ ತಂದ ಗೋನಿಯೊಪೊರ ಎಂಬ ಜಾತಿಯದು. ಬೊಗಸೆ ತುಂಬುವ ಗಾತ್ರ. ದುಂಡನೆಯ ಕಲ್ಲಿನಿಂದ ನೂರಾರು ಉದ್ದ ತೊಟ್ಟುಗಳು ಹೊರಟು, ತೊಟ್ಟಿನ ತುದಿಗೆ ಸೇವಂತಿಗೆಯಂಥ ಹೂ. ಪ್ರತಿ ಹೂವಿಗೂ 24 ಎಸಳು.

"ಅಕ್ಕ, ಯಾವುದು ತರಿಸಲಿ? ನೀನು ಬಂದ ನೆನಪಿಗೆ ಇರಲಿ" ಎಂದ.

ನಾನು ಬೊಗಸೆಯ ಹೂಗೊಂಚಲನ್ನು ತೋರಿಸಿದೆ. ಈ ಲೇಖನ ಬರೆಯುವುದಕ್ಕೆ ಆ ಬೆರಳೇ ಕಾರಣ.

ಪೆಟ್ಟಿಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಥರ್ಮೊಕೋಲಿನ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಒಂದಷ್ಟು ಕಡಲನೀರು, ಒಂದಷ್ಟು ಆಮ್ಲಜನಕ, ನಡುವೆ ಮುದುಡಿಕೊಂಡ ಬೂದುಬಣ್ಣದ ಕಲ್ಲು. ಚಿತ್ರದ ಹೂವಿನ ಸುಳಿವೇ ಇರಲಿಲ್ಲ. ನಾನು ಮೋಸಹೋದೆವೆಂದು ಕೊಂಡೆ. ತಮ್ಮ ನಕ್ಕು "ಪ್ರಯಾಣದ ದಣಿವು" ಎಂದ. ಅಂದು ಅವನು ಮಾಡಿದ ಉಪಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಮುಂದಿನ ವಾದಕ್ಕೆ ಅದು ಬೇಕು.

ಮೊದಲು ಕೋಣೆಯ ದೀಪಗಳನ್ನೂ ತೊಟ್ಟಿಯ ದೀಪವನ್ನೂ ತಗ್ಗಿಸಿದ. ಇಡೀ ದಿನ ಕತ್ತಲೆಯಲ್ಲಿದ್ದ ಜೀವಕ್ಕೆ ಒಮ್ಮೆಲೇ ಬೆಳಕು ಬಡಿಯಬಾರದು. ಚೀಲದ ಬಾಯಿ ಬಿಚ್ಚದೆ ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಬಿಟ್ಟ. ಒಳಗಿನ ನೀರೂ ಹೊರಗಿನ ನೀರೂ ಒಂದೇ ಬೆಚ್ಚನೆಗೆ, ಅವನ ತೊಟ್ಟಿಯಲ್ಲಿ 25 ಡಿಗ್ರಿ ಸೆಲ್ಸಿಯಸ್ಸಿಗೆ, ಬರಬೇಕು. ಬಿಚ್ಚಿದ ಮೇಲೆ ಚೀಲದ ನೀರಿನ ಉಪ್ಪನ್ನು ಅಳೆದ. ಕಡಲಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪು. ಹವಳಕ್ಕೆ ತನ್ನ ಮೈಯೊಳಗಿನ ಉಪ್ಪನ್ನು ಬೇರೆಯಾಗಿ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ಸುತ್ತಣ ನೀರಿನಲ್ಲಿ ಎಷ್ಟೋ ಮೈಯಲ್ಲಿಯೂ ಅಷ್ಟೇ. ಆದ್ದರಿಂದ ಹೊಸ ನೀರು ತಟ್ಟನೆ ತಗಲಿದರೆ ಜೀವಕೋಶಗಳೇ ಊದಿಕೊಳ್ಳುತ್ತವೆ ಅಥವಾ ಕುಗ್ಗುತ್ತವೆ. ಸಣ್ಣ ಕೊಳವೆಯೊಂದಕ್ಕೆ ಗಂಟುಹಾಕಿ, ಆಸ್ಪತ್ರೆಯಲ್ಲಿ ಬಾಟಲಿಯಿಂದ ಔಷಧ ಇಳಿಸುವಂತೆ, ತೊಟ್ಟಿಯ ನೀರನ್ನು ಹನಿಹನಿಯಾಗಿ ಆ ಪಾತ್ರೆಗೆ ಇಳಿಸಿದ.

"ಇನ್ನೂ ನಿಧಾನ ಮಾಡಬಾರದೆ?" ಎಂದು ಕೇಳಿದೆ. ನಿಧಾನವೆಂದರೆ ದಯೆ ಎಂಬುದು ನನ್ನ ಎಣಿಕೆ.

ಅದಕ್ಕೂ ಮಿತಿಯಿದೆ ಎಂದ. ಚೀಲದಲ್ಲಿ ಜೀವ ಉಸಿರಾಡಿ ಇಂಗಾಲಾಮ್ಲ ತುಂಬಿ ನೀರು ಸ್ವಲ್ಪ ಹುಳಿಯಾಗಿರುತ್ತದೆ. ಆ ಹುಳಿಯಿರುವ ತನಕ ಮೈಯಿಂದ ಹೊರಬಿದ್ದ ಅಮೋನಿಯ ಅಷ್ಟಾಗಿ ವಿಷವಾಗದು. ಚೀಲ ಬಿಚ್ಚಿದೊಡನೆ ಇಂಗಾಲಾಮ್ಲ ಗಾಳಿಗೆ ಹಾರಿ, ಹುಳಿ ಇಳಿದು, ಅದೇ ಅಮೋನಿಯ ವಿಷವಾಗತೊಡಗುತ್ತದೆ. ಅವಸರವೂ ಸಲ್ಲದು, ಅತಿ ನಿಧಾನವೂ ಸಲ್ಲದು. ನಲವತ್ತು ನಿಮಿಷದಲ್ಲಿ ಮುಗಿಯಬೇಕು. ಆಮೇಲೆ ಔಷಧದ ನೀರಿನಲ್ಲಿ ಅದ್ದಿ ಮೈಗಂಟಿದ ಚಪ್ಪಟೆ ಹುಳು, ಸಣ್ಣ ಬಸವನಹುಳು ಮೊದಲಾದ ಕ್ರಿಮಿಗಳನ್ನು ಉದುರಿಸಿದ. ಶುದ್ಧ ಉಪ್ಪುನೀರಿನಲ್ಲಿ ತೊಳೆದು, ತೊಟ್ಟಿಯ ತಳದಲ್ಲಿ ನೆರಳಿರುವ ಮೂಲೆಯಲ್ಲಿ ಕೂರಿಸಿದ. ದೀಪದ ಬೆಳಕನ್ನು ಮೂರು ನಾಲ್ಕು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸುವುದೆಂದು ಗೋಡೆಯ ಮೇಲಿನ ಪಟ್ಟಿಯಲ್ಲಿ ಬರೆದಿಟ್ಟ. ಒಳಗಿರುವ ಪಾಚಿ ಹೊಸ ಬೆಳಕಿಗೆ ತನ್ನನ್ನು ಹೊಂದಿಸಿಕೊಳ್ಳಲು ಅಷ್ಟು ಕಾಲ ಬೇಕಂತೆ.

ಅವನ ಮಗಳಿಗೆ ಆಗ ಎಂಟು ವರ್ಷ. ನನ್ನ ತೊಡೆಗೆ ಒರಗಿ ನಿಂತು ಎಲ್ಲವನ್ನೂ ನೋಡಿ "ಅತ್ತೆ, ಇನ್ನು ಅದಕ್ಕೆ ನಮ್ಮ ನೀರು ಗೊತ್ತಾಯ್ತಾ?" ಎಂದಳು. ಒಗ್ಗುವುದು ಎಂಬ ಶಬ್ದವನ್ನು ನಾನು ಅಂದು ಅವಳಿಗೆ ಕಲಿಸಿದೆ. ಮೂರನೆಯ ದಿನ ಬೆಳಿಗ್ಗೆ ಅವಳೇ ಓಡಿ ಬಂದು ನನ್ನನ್ನು ಎಬ್ಬಿಸಿ "ಒಗ್ಗಿತು ಅತ್ತೆ, ಒಗ್ಗಿತು!" ಎಂದು ಕೂಗಿದಳು. ಹೋಗಿ ನೋಡಿದರೆ ಆ ಬೂದುಗಲ್ಲಿನ ತುಂಬ ಹೂ. ಪಂಪಿನ ನೀರು ಬೀಸಿದ ಕಡೆಗೆಲ್ಲ ಅವು ಬಾಗಿ ತೊನೆಯುತ್ತಿದ್ದವು. ನಾನು ಚಿತ್ರ ತೆಗೆದು ಊರಿನವರಿಗೆಲ್ಲ ಕಳುಹಿಸಿದೆ. ಕೆಳಗೆ "ನೀರು ಒಗ್ಗಿತು" ಎಂದು ಬರೆದೆ.

2024ರ ಫೆಬ್ರವರಿಯಲ್ಲಿ ಅದು ಸತ್ತಿತು. ಒಂದು ದಿನದಲ್ಲಿ ಸಾಯಲಿಲ್ಲ. ಮೊದಲು ತೊಟ್ಟುಗಳು ಗಿಡ್ಡವಾದವು. ಆಮೇಲೆ ಒಂದು ಮಗ್ಗುಲಿನ ಹೂಗಳು ತೆರೆಯುವುದನ್ನು ಬಿಟ್ಟವು. ಆಮೇಲೆ ಆ ಮಗ್ಗುಲಿನ ಮಾಂಸ ಹಿಂದೆ ಸರಿದು ಬಿಳಿಯ ಎಲುಬು ಕಂಡಿತು. ತಮ್ಮ ಇದನ್ನು ವಾರಗಟ್ಟಲೆ ನನಗೆ ಹೇಳಿರಲಿಲ್ಲ. ಹೇಳಿದಾಗ ಅವನ ದನಿಯಲ್ಲಿ ದುಃಖಕ್ಕಿಂತ ವಾದವೇ ಹೆಚ್ಚಾಗಿತ್ತು. "ಎಲ್ಲ ಅಳತೆಯೂ ಸರಿಯಿತ್ತು ಅಕ್ಕ. ಉಪ್ಪು ಸರಿ, ಸುಣ್ಣ ಸರಿ, ಬೆಳಕು ಸರಿ. ನಾನು ಒಂದು ತಪ್ಪೂ ಮಾಡಿಲ್ಲ."

ಅವನು ಸುಳ್ಳಾಡಲಿಲ್ಲವೆಂದು ನಾನು ಬಲ್ಲೆ. ಅಲ್ಲಿಯೇ ನನ್ನ ಪ್ರಶ್ನೆ ಹುಟ್ಟಿದ್ದು. ತಪ್ಪಿಲ್ಲದೆ ಒಗ್ಗಿಸಿದ ಮೇಲೂ ಸತ್ತರೆ, ನಾವು ಒಗ್ಗಿಸುವುದೆಂದು ಕರೆದದ್ದು ಏನನ್ನು?

ಗೋನಿಯೊಪೊರದ ಕಥೆ ಈ ಹವ್ಯಾಸದವರಿಗೆ ಹೊಸದಲ್ಲವೆಂದು ಓದಿದ ಮೇಲೆ ತಿಳಿಯಿತು. ಕಡಲಿನಿಂದ ತಂದ ಈ ಜಾತಿ ಮೊದಲ ಕೆಲವು ತಿಂಗಳು ನಳನಳಿಸಿ, ವರ್ಷ ತುಂಬುವುದರೊಳಗೆ ಸೊರಗಿ ಹೋಗುವುದು ದಶಕಗಳಿಂದ ಎಲ್ಲರ ಅನುಭವ. ಕಡಲಿನಲ್ಲಿ ಅದಕ್ಕೆ ದಿನವಿಡೀ ಬಾಯಿಗೆ ಬಂದು ಬೀಳುತ್ತಿದ್ದ ಸೂಕ್ಷ್ಮ ಆಹಾರ ತೊಟ್ಟಿಯಲ್ಲಿ ಇಲ್ಲವೆನ್ನುವವರುಂಟು. ಮ್ಯಾಂಗನೀಸು, ಕಬ್ಬಿಣ ಮೊದಲಾದ ಅಲ್ಪಾಂಶಗಳು ತೀರಿಹೋಗುತ್ತವೆ ಎನ್ನುವವರುಂಟು. ಈಚಿನ ವರ್ಷಗಳಲ್ಲಿ ಇದನ್ನು ಬಾಳಿಸಿದವರೂ ಇದ್ದಾರೆ. ತೊಟ್ಟಿಯಲ್ಲೇ ಬೆಳೆದ ತುಣುಕುಗಳು ಹೆಚ್ಚು ಗಟ್ಟಿ ಎಂದೂ ಅವರೇ ಹೇಳುತ್ತಾರೆ. ನಾನು ಬಡವೆಂದು ತಳ್ಳಿದ ಹೆಬ್ಬೆರಳ ತುಣುಕು ಅಂಥದು.

ನಮ್ಮೂರಿನ ಗದ್ದೆಯ ನೆಟ್ಟಿಯನ್ನು ನೋಡಿದವರಿಗೆ ಇದರ ಮರ್ಮ ಹೊಳೆಯದಿರದು. ಅಗೆಯಿಂದ ಕಿತ್ತ ಸಸಿ ಗದ್ದೆಗೆ ಹೋದ ಮೇಲೆ ಮೂರು ನಾಲ್ಕು ದಿನ ಹಳದಿಯಾಗಿ ನಿಲ್ಲುತ್ತದೆ, ಆಮೇಲೆ ಹಸುರಾಗುತ್ತದೆ. ಹಸುರಾದೊಡನೆ "ಹಿಡಿಯಿತು" ಎಂದು ಬೇಸಾಯಗಾರ ಹೇಳುವುದಿಲ್ಲ. ಹೊಸ ಎಲೆ ಹೊರಡಬೇಕು, ಸಸಿ ಒಡೆಯಬೇಕು, ಆಮೇಲೆ ಹೇಳುತ್ತಾನೆ. ಹಳೆಯ ಎಲೆಯ ಹಸುರು ಅಗೆಯ ಸಾರದಿಂದ ಬಂದದ್ದಿರಬಹುದು. ಹೊಸ ಎಲೆಯ ಹಸುರು ಮಾತ್ರ ಈ ಗದ್ದೆಯದು. ನಮ್ಮ ಹವಳ ಮೂರನೆಯ ದಿನ ಅರಳಿದ್ದು ಕಡಲಿನಿಂದ ಮೈಯಲ್ಲಿ ಹೊತ್ತು ತಂದ ಬುತ್ತಿಯ ಬಲದಿಂದ. ಬುತ್ತಿ ತೀರಿದ ಮೇಲೆ ಅದು ಬಾಡಿತು. ಅಂಚಿನಲ್ಲಿ ಹೊಸ ಸುಣ್ಣ ಕಟ್ಟಿದ್ದನ್ನು ನಾವು ಒಂದು ದಿನವೂ ಕಾಣಲಿಲ್ಲ; ಕಾಣಲು ನೋಡಲೂ ಇಲ್ಲ. ನೀರು ತಡೆದುಕೊಳ್ಳುವುದು ಬೇರೆ, ನೀರು ಒಗ್ಗುವುದು ಬೇರೆ. ಮೊದಲನೆಯದಕ್ಕೆ ನಲವತ್ತು ನಿಮಿಷ ಸಾಕು. ಎರಡನೆಯದಕ್ಕೆ ವರ್ಷ ಬೇಕು.

ಈ ಹವ್ಯಾಸದ ಚರಿತ್ರೆಯನ್ನು ತಿರುವಿದರೆ ಒಳ್ಳೆಯದೂ ಕೆಟ್ಟದೂ ಎರಡೂ ಅದರಲ್ಲೇ ಸಿಕ್ಕುತ್ತವೆ. 1846ರಲ್ಲಿ ಆನಾ ಥೈನ್ ಎಂಬ ಆಂಗ್ಲ ಮಹಿಳೆ ಟಾರ್ಕಿಯ ಕಡಲತೀರದಿಂದ ಕೆಲವು ಹವಳಗಳನ್ನು ಲಂಡನ್ನಿಗೆ ಒಯ್ದಳು. ಅವು ತಣ್ಣೀರಿನ, ಬಿಸಿಲು ಬೇಡದ ಸಣ್ಣ ಹವಳಗಳು. ದಾರಿಯಲ್ಲಿ ಹೊಯ್ದಾಡಿ ಒಂದಕ್ಕೊಂದು ತಾಗಬಾರದೆಂದು ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯಲ್ಲಿಟ್ಟು ಕೊಂಡೊಯ್ದಳಂತೆ. ಲಂಡನ್ನಿನಲ್ಲಿ ಕಡಲನೀರೆಲ್ಲಿ? ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿದು ಗಾಳಿ ಸೇರಿಸುವ ಉಪಾಯ ಹೂಡಿದಳು. ನಮ್ಮಲ್ಲಿ ಕಾಫಿ ಆರಿಸುವಂತೆ ದಿನವೂ ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಸುರಿಯುತ್ತಿದ್ದವಳು ಮನೆಯ ಕೆಲಸದ ಹೆಂಗಸು. ಅವಳ ಹೆಸರನ್ನು ಯಾರೂ ನೆನೆಯುವುದಿಲ್ಲ. 1847ರಲ್ಲಿ ಕಡಲ ಸಸ್ಯಗಳನ್ನು ತರಿಸಿ ನೀರಿಗೆ ಹಾಕಿದ ಮೇಲೆ ಆ ದುಡಿಮೆ ಕಡಮೆಯಾಯಿತು. ಆ ಹವಳಗಳು ಬದುಕಿದವಷ್ಟೇ ಅಲ್ಲ, ಮರಿಹಾಕಿದವು. ಅವುಗಳ ಸಂತಾನವೃದ್ಧಿಯ ವಿಷಯವಾಗಿ ಅವಳು ಬರೆದಿಟ್ಟದ್ದು 1859ರಲ್ಲಿ ಪ್ರಕಟವಾಯಿತು. ಒಗ್ಗಿತು ಎನ್ನುವ ಹಕ್ಕು ಅವಳಿಗಿತ್ತು.

ಅವಳ ಕಾಲದಲ್ಲಿಯೇ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ 'ದಿ ಅಕ್ವೇರಿಯಂ' ಎಂಬ ಗ್ರಂಥವನ್ನು ಬರೆದ. ಭಕ್ತಿಯಿಂದ, ಜ್ಞಾನದ ಹಸಿವಿನಿಂದ ಬರೆದ ಗ್ರಂಥ. ಅದನ್ನು ಓದಿದ ಜನ ಬುಟ್ಟಿ, ಸುತ್ತಿಗೆಗಳನ್ನು ಹಿಡಿದು ಇಂಗ್ಲೆಂಡಿನ ಕಡಲತೀರಕ್ಕೆ ಮುಗಿಬಿದ್ದರು. ಗಾಸನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಆತ್ಮಕಥೆಯಲ್ಲಿ, ತಾನು ಬಾಲ್ಯದಲ್ಲಿ ತಂದೆಯೊಡನೆ ಕಂಡ ಬಂಡೆಮಡುಗಳ ಆ ಸೊಬಗು ಈ ಸಂಗ್ರಾಹಕರ ಕೈಯಲ್ಲಿ ಹಾಳಾದುದನ್ನೂ, ತನ್ನ ಪುಸ್ತಕಗಳೇ ಇದಕ್ಕೆ ಕಾರಣವೆಂದು ತಂದೆ ನೊಂದುದನ್ನೂ ಬರೆದಿದ್ದಾನೆ. ಯಾರೂ ಕಡಲನ್ನು ಕೊಲ್ಲಬೇಕೆಂದು ಹೋಗಲಿಲ್ಲ. ಒಬ್ಬೊಬ್ಬರೂ ಒಂದೊಂದು ಚೂರನ್ನು ಪ್ರೀತಿಯಿಂದ ಮನೆಗೆ ತಂದರು. ಅದು ಮನೆಯಲ್ಲಿ ಸತ್ತಿತು. ಮತ್ತೊಂದನ್ನು ತರಲು ಹೋದರು. ನನ್ನ ಬೆರಳು ತೋರಿಸಿದ್ದೂ ಪ್ರೀತಿಯಿಂದಲೇ.

ಉಷ್ಣವಲಯದ ಹವಳವನ್ನು ಮನೆಯಲ್ಲಿ ಬಾಳಿಸಿದ ಮೊದಲಿಗರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತನ ಹೆಸರು ಕೇಳಿಬರುತ್ತದೆ. 1961ರಲ್ಲಿ ಆತ ತನ್ನ ಕ್ರಮವನ್ನು ಲೇಖನವಾಗಿ ಪ್ರಕಟಿಸಿದ. ಯಂತ್ರದ ಆಡಂಬರವಿಲ್ಲ; ಕಡಲಿನ ನೀರು, ಜೀವಿಗಳು ತುಂಬಿದ ಕಡಲಿನ ಬಂಡೆ, ಬಿಸಿಲು, ಗಾಳಿಯ ಗುಳ್ಳೆ, ಇಷ್ಟೆ. ಆ ಕ್ರಮ ಆತನಿಗೆ ಸಿದ್ಧಿಸಿದ್ದೇಕೆ? ಅವನ ಹವಳ ದೂರ ಹೋಗಲಿಲ್ಲವೆಂಬುದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ನೀರು ಅದೇ, ಬಿಸಿಲು ಅದೇ, ಊರು ಅದೇ. ಒಂದೇ ಹೊಲದ ಅಗೆಯಿಂದ ಗದ್ದೆಗೆ ಹೋದ ಸಸಿಯಂತೆ. ನ್ಯೂಜೆರ್ಸಿಯ ಚಳಿಗಾಲದಲ್ಲಿ ಅದೇ ಕೆಲಸಕ್ಕೆ ಬಿಸಿ ಮಾಡುವ ಕೊಳವೆ, ನೀಲಿ ದೀಪ, ಸುಣ್ಣ ಸುರಿಯುವ ಯಂತ್ರ, ಇವೆಲ್ಲ ಬೇಕು; ಒಂದು ರಾತ್ರಿ ವಿದ್ಯುತ್ತು ಹೋದರೆ ಯಜಮಾನನಿಗೆ ನಿದ್ರೆಯಿಲ್ಲ.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಬರ್ಲಿನ್ನಿನ ಡೀಟ್ರಿಶ್ ಸ್ಟ್ಯೂಬರ್ 1980ರ ದಶಕದಲ್ಲಿ ತನ್ನ ತೊಟ್ಟಿಯಲ್ಲಿ ಕೊಂಬಿನ ಹವಳವೊಂದನ್ನು ಬೆಳೆಸಿ, ಅದರ ತುಂಡುಗಳನ್ನು ಗೆಳೆಯರಿಗೆ ಹಂಚಿದ. ಅವರು ಬೆಳೆಸಿ ಇನ್ನಷ್ಟು ಜನರಿಗೆ ಹಂಚಿದರು. ಒಂದು ತೊಟ್ಟಿಯ ಹವಳ ಹೀಗೆ ಕೈಯಿಂದ ಕೈಗೆ ನಡೆದು ದೇಶದೇಶಗಳ ಮನೆಗಳನ್ನು ಸೇರಿತು. ಆ ತುಂಡುಗಳಿಗಾಗಿ ಯಾರೂ ಮತ್ತೆ ಕಡಲಿಗೆ ಇಳಿಯಬೇಕಾಗಲಿಲ್ಲ. ನಮ್ಮ ಹೆಂಗಸರು ದಾಸವಾಳದ ಕಡ್ಡಿಯನ್ನೂ ಮಲ್ಲಿಗೆಯ ಬಳ್ಳಿಯನ್ನೂ ನೆರೆಮನೆಗೆ ಕೊಡುವ ಪದ್ಧತಿಯೇ ಇದು. ನನಗೆ ಈ ಹವ್ಯಾಸದ ಮರ್ಯಾದೆ ಇರುವುದು ಇಲ್ಲಿ ಎನಿಸುತ್ತದೆ.

ಈಗ ತಮ್ಮನ ವಾದಕ್ಕೆ ಬರುತ್ತೇನೆ. ಅದು ಸುಲಭವಾಗಿ ತಳ್ಳಿಹಾಕುವ ವಾದವಲ್ಲ. ನಮ್ಮ ಹವಳ ಸತ್ತ ಮರುತಿಂಗಳೇ, 2024ರ ಮಾರ್ಚಿನಲ್ಲಿ, ಆಸ್ಟ್ರೇಲಿಯದ ಮಹಾ ಹವಳದಿಬ್ಬ ಮತ್ತೆ ವ್ಯಾಪಕವಾಗಿ ಬೆಳ್ಳಗಾಗಿದೆಯೆಂಬ ಸುದ್ದಿ ಬಂತು. 2016, 2017, 2020, 2022ರ ಬಳಿಕ ಅದು ಐದನೆಯ ಸಲ. ಏಪ್ರಿಲಿನಲ್ಲಿ ವಿಜ್ಞಾನಿಗಳು ಭೂಮಿಯ ಹವಳಗಳೆಲ್ಲಕ್ಕೂ ತಗಲಿದ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಸಾರಿದರು. ನಮ್ಮ ಲಕ್ಷದ್ವೀಪದ ಹವಳಗಳೂ 1998, 2010, 2016ರಲ್ಲಿ ಬೆಂದು, 2024ರಲ್ಲಿ ಮತ್ತೆ ಬೆಂದವು. "ನೋಡು ಅಕ್ಕ, ಅಲ್ಲೇ ಇದ್ದಿದ್ದರೂ ಅದು ಸಾಯುತ್ತಿತ್ತು. ಕಡಲೇ ಕುದಿಯುತ್ತಿರುವಾಗ ನನ್ನ ಒಂದು ಬೊಗಸೆಯನ್ನು ಲೆಕ್ಕ ಹಾಕುತ್ತೀಯ? ನಾಳೆ ಕಡಲಿನಲ್ಲಿ ಉಳಿಯದ ಹವಳ ತೊಟ್ಟಿಯಲ್ಲಿ ಉಳಿದರೆ ನೀನೇ ಹೊಗಳುತ್ತೀಯ" ಎಂದ.

ಅವನ ಮಾತಿನಲ್ಲಿ ಮೂರು ಪಾಲು ಸತ್ಯವಿದೆ. ಹವಳದ ದೊಡ್ಡ ಶತ್ರು ಹವ್ಯಾಸಿಯಲ್ಲ, ಕಾಯುತ್ತಿರುವ ಕಡಲು. ಅದನ್ನು ಕಾಯಿಸುತ್ತಿರುವವರಲ್ಲಿ ಅಕ್ವೇರಿಯಂ ಮುಟ್ಟದ ನಾವೂ ಇದ್ದೇವೆ. ಗಾಜಿನ ತೊಟ್ಟಿಯ ವಿದ್ಯೆ ವ್ಯರ್ಥವಾದದ್ದೂ ಅಲ್ಲ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು ತೊಟ್ಟಿಯೊಳಗೆ ಋತುಮಾನದ ಬಿಸಿಯನ್ನೂ ಚಂದ್ರನ ಬೆಳಕನ್ನೂ ಅನುಕರಿಸಿ, ಹವಳಗಳು ಹೇಳಿದ ಕಾಲಕ್ಕೆ ಮೊಟ್ಟೆಯಿಡುವಂತೆ ಮಾಡಿ, 2017ರಲ್ಲಿ ಆ ಕ್ರಮವನ್ನು ಪ್ರಕಟಿಸಿದರು. ಅದೇ ವಿದ್ಯೆಯ ಬಲದಿಂದ 2019ರ ಆಗಸ್ಟಿನಲ್ಲಿ ಫ್ಲಾರಿಡಾದ ಅಕ್ವೇರಿಯಂ ಒಂದರಲ್ಲಿ, ರೋಗದಿಂದ ಕಡಲಿನಲ್ಲಿ ನಶಿಸುತ್ತಿದ್ದ ಕಂಬಹವಳ ಮೊಟ್ಟೆಯಿಟ್ಟಿತು. ಹವಳವನ್ನು ಒಗ್ಗಿಸಲು ಕಲಿತ ಸಾವಿರಾರು ಹವ್ಯಾಸಿಗಳ ಕೈಗುಣವಿಲ್ಲದೆ ಇದು ನಡೆಯುತ್ತಿರಲಿಲ್ಲವೆಂದು ನಾನು ಒಪ್ಪುತ್ತೇನೆ.

ಆದರೆ ಉಳಿದ ಒಂದು ಪಾಲಿನಲ್ಲಿ ನನಗೆ ತಕರಾರಿದೆ. ಅಲ್ಲೇ ಇದ್ದರೂ ಸಾಯುತ್ತಿತ್ತು ಎನ್ನುವುದು ಯಾರೂ ಪ್ರಮಾಣ ಮಾಡಲಾಗದ ಮಾತು. ಬೆಳ್ಳಗಾದ ಹವಳವೆಲ್ಲ ಸಾಯುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರುತ್ತದೆ. ಒಂದೇ ಬಿಸಿಯಲ್ಲಿ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಉಳಿದವೇ ಮುಂದಿನ ದಿಬ್ಬಕ್ಕೆ ಬಿತ್ತನೆಯ ಬೀಜ. ನಾವು ಎತ್ತಿ ತಂದದ್ದು ಸಾಯುವ ಪೈಕಿಯೋ ಉಳಿಯುವ ಪೈಕಿಯೋ ಯಾರು ಬಲ್ಲರು? ಬರಗಾಲದಲ್ಲಿ ಹೇಗಿದ್ದರೂ ಬೆಳೆ ಬಾರದೆಂದು ಬಿತ್ತನೆಯ ಬತ್ತವನ್ನು ಕುಟ್ಟಿ ಉಣ್ಣುವ ಬೇಸಾಯಗಾರನನ್ನು ನಮ್ಮ ಹಿರಿಯರು ಹೊಗಳಲಿಲ್ಲ. ದುಂಡು ಬಂಡೆಯಂಥ ಹವಳಗಳಲ್ಲಿ ಎಷ್ಟೋ ಜಾತಿಗಳು ವರ್ಷಕ್ಕೆ 1 ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಒಂದು ಬೊಗಸೆಯೆಂದರೆ ಎಷ್ಟು ವರ್ಷದ ದುಡಿಮೆ! ಇನ್ನು, ನಾಳೆಗೆ ಉಳಿಸುವ ತೊಟ್ಟಿಯ ಮಾತು. ಹಾರ್ನಿಮನ್ನಿನವರು ಎಣಿಸುವುದು ಹುಟ್ಟನ್ನು. ನನ್ನ ತಮ್ಮನ ತೊಟ್ಟಿಯಲ್ಲಿ ಆ ಹವಳದ ಒಂದು ತುಣುಕೂ ಇಂದು ಉಳಿದಿಲ್ಲ. ಉಳಿಸುವ ಹೆಸರಿನಲ್ಲಿ ತಂದು ಸಾಯಿಸಿದರೆ ಅದು ಉಳಿಸುವುದಾಗದು.

ಕಾನೂನಿದೆಯಲ್ಲ ಎನ್ನಬಹುದು. ಇದೆ. ಗಟ್ಟಿ ಹವಳಗಳು ದೇಶ ದಾಟಬೇಕಾದರೆ ಅಂತರರಾಷ್ಟ್ರೀಯ ಒಪ್ಪಂದದಂತೆ ಪರವಾನಿಗೆ ಬೇಕು. ನಮ್ಮ ಪೆಟ್ಟಿಗೆಯದು ಪರವಾನಿಗೆ ಇದ್ದ ಸರಕೇ. ನಮ್ಮ ದೇಶದ ಕಾಯಿದೆ ಇನ್ನೂ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೆಲ್ಲವೂ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮುರುಡೇಶ್ವರದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತ ನೀರಿನಡಿಯಲ್ಲಿ ಹವಳವಿದೆ. ಅಲ್ಲಿಗೆ ಮುಳುಗಲು ಹೋಗುವ ಪ್ರವಾಸಿಗಳು ವರ್ಷವರ್ಷವೂ ಇದ್ದಾರೆ. ಅವರಲ್ಲಿ ಯಾರಾದರೂ ಒಂದು ಚೂರನ್ನು ನೆನಪಿಗೆಂದು ಮುರಿದುಕೊಂಡರೆ ಅದು ಅಪರಾಧ. ಆದರೆ ಕಾನೂನು ಹೇಳುವುದು ತರಬಹುದೋ ಬಾರದೋ ಎಂಬುದನ್ನು ಮಾತ್ರ. ತಂದದ್ದು ಬಾಳೀತೆ ಎಂಬ ಪ್ರಶ್ನೆಯನ್ನು ತರುವವನೇ ಕೇಳಿಕೊಳ್ಳಬೇಕು. ಪರವಾನಿಗೆ ಇದ್ದ ಹವಳವೂ ಪರವಾನಿಗೆ ಇಲ್ಲದ ಹವಳದಂತೆಯೇ ಸಾಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕಡಲಿನಲ್ಲಿ ಹಿಡಿದ ಹವಳವನ್ನು ಮನೆಗೆ ತರುವ ಕೆಲಸ ಹೊಸಬರದಲ್ಲ, ಅತಿಥಿಯ ಸಂತೋಷಕ್ಕೆ ಮಾಡುವಂಥದಂತೂ ಅಲ್ಲ. ತೊಟ್ಟಿಯಲ್ಲಿ ಬೆಳೆದ ತುಣುಕನ್ನು ಮೊದಲು ಬಾಳಿಸಿ, ಬೆಳೆಸಿ, ಇನ್ನೊಬ್ಬರಿಗೆ ಒಂದು ತುಂಡು ಕೊಡುವಷ್ಟು ಆದವನು ಮಾತ್ರ ಕಡಲಿನ ಹವಳದ ಕಡೆ ಕಣ್ಣೆತ್ತಲಿ. ಅದೂ ಅದರಿಂದ ಸಂತಾನ ಪಡೆಯುವ ಸಂಕಲ್ಪವಿದ್ದರೆ. ಒಗ್ಗಿತೆಂಬ ಮಾತನ್ನು ಹೂ ಅರಳಿದ ದಿನ ಆಡಬಾರದು. ವರ್ಷ ಕಳೆದು, ಅಂಚಿನಲ್ಲಿ ಹೊಸ ಸುಣ್ಣ ಕಂಡ ದಿನ ಆಡಬೇಕು. ಮಾರುವವನು ಒಗ್ಗಿಸುವ ವಿಧಾನದ ಚೀಟಿಯನ್ನು ಪೆಟ್ಟಿಗೆಯೊಳಗೆ ಇಡುತ್ತಾನೆ. ಅದೇ ಚೀಟಿಯಲ್ಲಿ, ಈ ಜಾತಿ ಮನೆಗಳಲ್ಲಿ ಬಾಳುವುದು ಕಷ್ಟವೆಂಬ ಒಂದು ಸಾಲನ್ನೂ ಬರೆಯಲಿ. ಆ ಸಾಲಿದ್ದಿದ್ದರೆ ನನ್ನ ಬೆರಳು ಬೇರೆ ಚಿತ್ರದ ಕಡೆಗೆ ಹೋಗುತ್ತಿತ್ತೋ ಏನೋ.

ಇದನ್ನೆಲ್ಲ ದೂರವಾಣಿಯಲ್ಲಿ ಹೇಳಿದಾಗ ತಮ್ಮನಿಗೆ ನೋವಾಯಿತು. "ಆರಿಸಿದವಳು ನೀನೇ ಅಲ್ಲವೆ?" ಎಂದ. ಹೌದು, ನಾನೇ ಎಂದೆ. ಕೆಲವು ವಾರ ನಾವಿಬ್ಬರೂ ಈ ಮಾತೆತ್ತಲಿಲ್ಲ. ಮಗಳು ಮಾತ್ರ ಒಂದು ದಿನ, ಸತ್ತ ಹವಳದ ಬಿಳಿಯ ಕಲ್ಲನ್ನು ಕ್ಯಾಮರದ ಮುಂದೆ ಹಿಡಿದು, "ಅತ್ತೆ, ಇದಕ್ಕೆ ನಮ್ಮ ನೀರು ಒಗ್ಗಲಿಲ್ಲ" ಎಂದಳು. ನಾನು ಕಲಿಸಿದ ಶಬ್ದವನ್ನು ಅವಳು ನನಗಿಂತ ಸರಿಯಾಗಿ ಬಳಸಿದಳು.

ಆ ವರ್ಷದ ಕೊನೆಗೆ ತಮ್ಮ, ತನ್ನ ಊರಿನ ಇನ್ನೊಬ್ಬ ಹವ್ಯಾಸಿಯಿಂದ ಹೆಬ್ಬೆರಳಿನಷ್ಟು ತುಣುಕೊಂದನ್ನು ತಂದ. ಮತ್ತೆ ಚೀಲ ತೇಲಿಸಿದ, ಮತ್ತೆ ಹನಿಹನಿಯಾಗಿ ನೀರು ಇಳಿಸಿದ, ಮತ್ತೆ ದೀಪ ತಗ್ಗಿಸಿದ. ಎರಡನೆಯ ದಿನವೇ ಅದು ಅರಳಿತಂತೆ. ಚಿತ್ರ ಕಳುಹಿಸಿ, ಕೆಳಗೆ ಏನನ್ನೂ ಬರೆಯಲಿಲ್ಲ. ನಾನೂ ಕೇಳಲಿಲ್ಲ. ವರ್ಷ ಕಳೆಯಲಿ ಎಂದು ಇಬ್ಬರೂ ಸುಮ್ಮನಿದ್ದೆವು.

ಮಕ್ಕಳೋ ಒಡಹುಟ್ಟಿದವರೋ ಪರದೇಶದಲ್ಲಿದ್ದು, ಇಂಥ ತೊಟ್ಟಿಯನ್ನು ಹೆಮ್ಮೆಯಿಂದ ತೋರಿಸುವ ವಾಚಕರು ನಮ್ಮಲ್ಲಿ ಕೆಲವರಾದರೂ ಇದ್ದಾರು. ಚೆನ್ನಾಗಿದೆ ಎಂದು ಹೊಗಳಿರಿ. ಹೊಗಳಿಕೆಗೆ ಅರ್ಹವಾದದ್ದೇ ಅದು. ಹೊಗಳಿದ ಮೇಲೆ ಎರಡು ಮಾತು ಕೇಳಿರಿ: ಇದು ಎಲ್ಲಿಯದು? ಬಂದು ಎಷ್ಟು ವರ್ಷವಾಯಿತು? ಅಂದು ಆ ಎರಡು ಚಿತ್ರಗಳ ಮುಂದೆ ನಾನು ಕೇಳದೆ ಹೋದ ಮಾತುಗಳು ಇವೇ.